ಲಂಬಾಣಿ ಕಸೂತಿ ವಿನ್ಯಾಸ ಕಲಿಸೋಕೆ ಒಂದು ಎಆರ್ ಆಟ: ನೀವೇ ಮಾಡಿ ನೋಡಿ

ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲೇ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ವಿಶೇಷ ಅನ್ನೋ ಸರ್ಕಾರಿ ಮುದ್ರೆ, ಸಿಕ್ಕಿದೆ. ಆದರೆ ಇಲ್ಲೇ ಬಳ್ಳಾರಿಯಲ್ಲಿ ಮಕ್ಕಳನ್ನ ಕೇಳಿದರೆ, "ಕನ್ನಡಿ ಬ್ಯಾಗಾ ಟೀಚರ್?" ಅಂತಾರೆ. ಅದರೊಳಗಿನ ಲೆಕ್ಕ ಅವರಿಗೆ ಕಾಣಬೇಕು ಅಂತ ನಾನು ಈ ಆಟ ಶುರು ಮಾಡಿದೆ. ಎಆರ್ ಅಂದರೆ ಇಷ್ಟೇ: ಫೋನಿನ ಕ್ಯಾಮೆರಾ ಒಂದು ಕಾರ್ಡಿನ ಮೇಲೆ ಹಿಡಿದರೆ, ಕಾರ್ಡಿನ ಮೇಲೇ ಇನ್ನೊಂದು ಚಿತ್ರ ಮೂಡುತ್ತದೆ.

ಮೊದಲು ತಾಂಡಾಕ್ಕೆ ಹೋಗಿ. ಕಸೂತಿ ಹಾಕುವವರನ್ನ ಕೇಳಿ, ಅವರು ಹೂಂ ಅಂದ ಮೇಲೇ ಫೋಟೊ ತೆಗೆಯಿರಿ. ಹೊಲಿಗೆಯ ಹೆಸರನ್ನೂ ಅವರ ಬಾಯಲ್ಲೇ ಹೇಳಿಸಿ ಬರೆದುಕೊಳ್ಳಿ. ಚೌಕ, ತ್ರಿಕೋನ ಇರುವ ವಿನ್ಯಾಸ ಆರಿಸಿದರೆ ಸುಲಭ. ಅದನ್ನ ಗ್ರಾಫ್ ಹಾಳೆಯ 20 ಮನೆ ಅಗಲ, 20 ಮನೆ ಉದ್ದಕ್ಕೆ ಇಳಿಸಿ. ಎರಡು ಚಿತ್ರ ಬೇಕು: ಒಂದರಲ್ಲಿ ಬರೀ ಕಾಲು ಭಾಗ, ಇನ್ನೊಂದರಲ್ಲಿ ಪೂರ್ತಿ. ಎರಡನ್ನೂ ಹಿನ್ನೆಲೆ ಇಲ್ಲದ ಪಿಎನ್‌ಜಿ ಚಿತ್ರ ಫೈಲ್ ಮಾಡಿಟ್ಟುಕೊಳ್ಳಿ.

ಆಟಕ್ಕೆ ಮೈಂಡ್‌ಎಆರ್ ಅನ್ನೋ ಎಆರ್ ಸಾಫ್ಟ್‌ವೇರ್ ಸಾಕು. ಉಚಿತ, ಬ್ರೌಸರಿನಲ್ಲೇ ಓಡುತ್ತದೆ, ಆ್ಯಪ್ ಹಾಕಿಕೊಳ್ಳುವ ತಾಪತ್ರಯ ಇಲ್ಲ. ಮೇಲಿನ ಎರಡು ಚಿತ್ರಕ್ಕೆ ಒಂದೊಂದರಂತೆ ಎರಡು ಕಾರ್ಡ್ ಬೇಕು; ಕಾರ್ಡಿನ ಮೇಲೆ ಫೋನ್ ಗುರುತು ಹಿಡಿಯೋಕೆ ಬೇರೆಯದೇ ಚಿತ್ರ ಇರುತ್ತದೆ. ಮೈಂಡ್‌ಎಆರ್ ಸೈಟಿನಲ್ಲಿ ಕಂಪೈಲರ್ ಇದೆ, ಅದು ಕಾರ್ಡಿನ ಚಿತ್ರವನ್ನ ಫೋನ್ ಗುರುತಿಸುವ ಹಾಗೆ ಮಾಡಿಕೊಡುತ್ತದೆ. ಎರಡೂ ಕಾರ್ಡಿನ ಚಿತ್ರ ಅದಕ್ಕೆ ಕೊಟ್ಟರೆ ಒಂದೇ ಫೈಲ್ ಸಿಗುತ್ತದೆ. ಅವರದೇ ಮಾದರಿ ಪುಟ ತೆಗೆದುಕೊಂಡು, ಆ ಫೈಲಿನ ಹೆಸರು ಮತ್ತು ನಿಮ್ಮ ಚಿತ್ರಗಳ ಹೆಸರು ಸೇರಿಸಿ. ವೆಬ್ ಪುಟ ಇಡೋಕೆ ಜಾಗ ಕೊಡುವ ಗಿಟ್‌ಹಬ್ ಪೇಜಸ್‌ನಲ್ಲಿ ಇಡಿ. ಪುಟದ ವಿಳಾಸ ಎಚ್‌ಟಿಟಿಪಿಎಸ್ (https) ಅಂತ ಶುರುವಾಗಲೇಬೇಕು, ಇಲ್ಲದಿದ್ದರೆ ಬ್ರೌಸರ್ ಕ್ಯಾಮೆರಾ ತೆರೆಯುವುದಿಲ್ಲ.

ಎಲ್ಲರೂ ಎಡವೋದು ಕಾರ್ಡಿನಲ್ಲಿ. ನಾನು ಕಸೂತಿಯ ಚಿತ್ರವನ್ನೇ ಕಾರ್ಡ್ ಮಾಡಿದ್ದೆ, ಚೆಂದ ಇರುತ್ತದೆ ಅಂತ. ಫೋನ್ ಗುರುತೇ ಹಿಡಿಯಲಿಲ್ಲ. ಯಾಕಂದ್ರೆ ಕಸೂತಿಯಲ್ಲಿ ಒಂದೇ ಆಕಾರ ಮತ್ತೆ ಮತ್ತೆ ಬರುತ್ತದೆ, ಎಡ ಬಲ ಒಂದೇ ಥರ ಇರುತ್ತದೆ, ಹಾಗಾಗಿ ಕಾರ್ಡಿನ ಯಾವ ಮೂಲೆ ಯಾವುದು ಅಂತ ಫೋನಿಗೆ ಗೊತ್ತಾಗುವುದಿಲ್ಲ. ಕಾರ್ಡಿಗೆ ಮೂಲೆ ಮೊನೆ ಜಾಸ್ತಿ ಇರುವ, ಎಡ ಬಲ ಹೊಂದದ ಚಿತ್ರ ಬೇಕು. ಮಕ್ಕಳೇ ಬರೆದ ತಾಂಡಾದ ಚಿತ್ರ, ಮನೆ, ಮರ, ಎತ್ತು, ಬೆಟ್ಟ ಎಲ್ಲ ಇರೋದು, ತುಂಬಾ ಚೆನ್ನಾಗಿ ನಡೆಯುತ್ತದೆ. ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ, ಬೆಳಕು ಹೊಳೆದು ಚಿತ್ರ ಮಾಯವಾಗುತ್ತದೆ. ನಮ್ಮ ಬಿಸಿಲಲ್ಲಂತೂ ಅಂಗಳದಲ್ಲಿ ಫೋನಿನ ಪರದೆಯೇ ಕಾಣೋದಿಲ್ಲ. ಪಡಸಾಲೆಯಲ್ಲಿ ಕೂರಿಸಿ.

ಐದು ಮಕ್ಕಳಿಗೆ ಒಂದು ಫೋನ್. ಮೊದಲ ಕಾರ್ಡಿನ ಮೇಲೆ ಕಾಲು ಭಾಗ ಮೂಡುತ್ತದೆ, ಎಲ್ಲರೂ ಸೇರಿ ಹತ್ತರವರೆಗೆ ಜೋರಾಗಿ ಎಣಿಸಲಿ, ಎಣಿಸಿದ ಕೂಡಲೇ ಕಾರ್ಡನ್ನ ಮಗುಚಿ ಹಾಕಿ. ಈ ಮಗುಚೋದನ್ನ ದಯವಿಟ್ಟು ಬಿಡಬೇಡಿ. ಚಿತ್ರ ಕಣ್ಣೆದುರೇ ಇದ್ದರೆ ಮಕ್ಕಳು ನೋಡಿ ನಕಲು ಮಾಡುತ್ತಾರೆ, ಮರೆಯಾದರೆ "ಮೂರು ಮನೆ ಮೇಲೆ, ಒಂದು ಪಕ್ಕಕ್ಕೆ" ಅಂತ ಬಾಯಲ್ಲೇ ಲೆಕ್ಕ ಹಾಕೋಕೆ ಶುರು ಮಾಡುತ್ತಾರೆ. ಉಳಿದ ಮುಕ್ಕಾಲು ಭಾಗವನ್ನ ತಾವೇ ಗ್ರಾಫ್ ಹಾಳೆಯಲ್ಲಿ ಬಿಡಿಸಬೇಕು. ಆಮೇಲೆ ಎರಡನೇ ಕಾರ್ಡ್ ತೋರಿಸಿ, ಪೂರ್ತಿ ವಿನ್ಯಾಸ ಮೂಡುತ್ತದೆ, ತಪ್ಪಿದ ಮನೆ ಯಾವುದು ಅಂತ ಅವರೇ ಬೆರಳಿಟ್ಟು ಹುಡುಕಲಿ.

ಎರಡು ಸುತ್ತು ಸಾಕು. ಆಮೇಲೆ ಫೋನ್ ತೆಗೆದಿಟ್ಟು, ಮ್ಯಾಟಿ ಬಟ್ಟೆ (ಎಳೆ ಎಣಿಸಿ ಹೊಲಿಯಬಹುದಾದ ಚೌಕುಳಿ ನೇಯ್ಗೆಯ ಬಟ್ಟೆ), ದಪ್ಪ ಸೂಜಿ, ಕೆಂಪು ದಾರ ಕೊಡಿ. ಸಾಧ್ಯವಾದರೆ ತಾಂಡಾದಲ್ಲಿ ವಿನ್ಯಾಸ ಕೊಟ್ಟ ಆ ಕಸೂತಿಯವರನ್ನೇ ಕರೆಸಿ, ಅವರ ಕೂಲಿ ಕೊಟ್ಟು, ಮಕ್ಕಳ ಪಕ್ಕ ಕೂರಿಸಿ.