ವಯೊಲೆಟ್ ಬಾಡಿದರೆ ಮೊದಲು ಕುಂಡ ಕಳಚಿ

ಕಲಬುರಗಿಯಲ್ಲಿ ಆಫ್ರಿಕನ್ ವಯೊಲೆಟ್ ಅನ್ನುವ ಹೂವಿನ ಕುಂಡದ ಗಿಡ ಉಳಿಯುವುದಿಲ್ಲ ಅಂತ ನನಗೆ ಹೇಳದವರೇ ಇಲ್ಲ. ಇಲ್ಲಿನ ನರ್ಸರಿಯವರು ಮೊದಲ ಗಿಡ ಕೊಡುವಾಗಲೇ ಹೇಳಿದ್ದರು: "ಅಕ್ಕಾರ, ನಮ್ಮ ಬಿಸಲದಾಗ ಇದು ಉಳಿಯಂಗಿಲ್ರಿ. ಸುಮ್ನ ರೊಕ್ಕ ಯಾಕ ಹಾಳು ಮಾಡ್ತೀರಿ, ದಾಸವಾಳ ಒಯ್ರಿ." ಬೆಂಗಳೂರಿನಲ್ಲಿ ವಯೊಲೆಟ್ ಬೆಳೆಸುವ ಗೆಳತಿಯರೂ ಅದನ್ನೇ ಹೇಳಿದರು, ಸ್ವಲ್ಪ ನಯವಾಗಿ. ಈಗ ನಮ್ಮ ಹಿಂದಿನ ಕೋಣೆಯಲ್ಲಿ ಎಪ್ಪತ್ತರ ಹತ್ತಿರ ಕುಂಡಗಳಿವೆ. ಎಸಿ ಇಲ್ಲ, ಕೂಲರ್ ಮಾತ್ರ. ಹೊರಗೆ 42, 43 ಡಿಗ್ರಿ ಇದ್ದ ಬೇಸಿಗೆಯನ್ನೂ ದಾಟಿವೆ. ಹೋದದ್ದು ಬೆರಳೆಣಿಕೆಯಷ್ಟು. ಹೇಗೆ ಅಂತ ಕೇಳುವವರು ಜಾಸ್ತಿ ಆಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹೇಳುವುದು ಒಂದೇ. ಎಲೆ ನೋಡಿ ರೋಗ ಹೇಳಬೇಡಿ, ಬೇರು ನೋಡಿ ಹೇಳಿ. ನೀರಿಲ್ಲದ ವಯೊಲೆಟ್ ಎಲೆ ಜೋತು ಬೀಳುತ್ತದೆ. ಬೇರು ಕೊಳೆತ ವಯೊಲೆಟ್ ಎಲೆಯೂ ಹಾಗೇ ಜೋತು ಬೀಳುತ್ತದೆ. ಮೇಲಿನಿಂದ ನೋಡಿದರೆ ಎರಡಕ್ಕೂ ವ್ಯತ್ಯಾಸವೇ ಇಲ್ಲ. ಬಾಡಿದೆ ಅಂತ ನೀರು ಹಾಕಿದಿರೋ, ಎರಡನೆಯದು ವಾರದೊಳಗೆ ಮುಗಿಯುತ್ತದೆ. ನಮ್ಮೂರಿನಲ್ಲಿ ಸತ್ತ ವಯೊಲೆಟ್‌ಗಳಲ್ಲಿ ಮುಕ್ಕಾಲು ಪಾಲು ಹೀಗೇ ಸತ್ತಿವೆ, ಬಿಸಿಲಿನ ಮೇಲೆ ಸುಮ್ನೆ ಗೂಬೆ ಕೂರಿಸುತ್ತೇವೆ ಅಷ್ಟೇ.

ಇದು ಗೊತ್ತಾಗುವ ಹೊತ್ತಿಗೆ ಹತ್ತು ಸಾವಿರದ ಆಸುಪಾಸು ಹೋಗಿತ್ತು. ಪುಣೆಯಿಂದ, ಕೇರಳದಿಂದ ಕೊರಿಯರ್‌ನಲ್ಲಿ ತರಿಸಿದ, ನೆಟ್ಟರೆ ಗಿಡವಾಗುವ ಎಲೆಗಳಿಗೆ ಅರ್ಧ. ಉಳಿದದ್ದು ಎಣ್ಣೆಗೆ, ಅಂದರೆ ಗಿಡಕ್ಕೆ ಹೊಡೆಯುವ ಔಷಧಿಗೆ. ನಮ್ಮ ಗೊಬ್ಬರದಂಗಡಿಗಳಲ್ಲಿ ತೊಗರಿಗೆ ಹೊಡೆಯುವ ಎಲ್ಲ ಎಣ್ಣೆಯೂ ಸಿಗುತ್ತದೆ. ಎಲೆ ಬಾಡಿದೆ ಅಂದ ಕೂಡಲೇ ಒಂದು ಶಿಲೀಂಧ್ರನಾಶಕ, ಒಂದು ಕೀಟನಾಶಕ ಕಟ್ಟಿಕೊಡುತ್ತಾರೆ. ಹೊಲದ ಲೆಕ್ಕದ ಪ್ಯಾಕೆಟ್, ನನ್ನ ಕುಂಡಗಳಿಗೆ ಚಿಟಿಕೆಯೂ ಬೇಡ. ಹೊಡೆದೆ. ಗಿಡಗಳು ಸತ್ತವು. ಮತ್ತೆ ತರಿಸಿದೆ, ಮತ್ತೆ ಸತ್ತವು.

ಕೊನೆಗೆ ಒಂದು ಗಿಡವನ್ನು ಪೂರ್ತಿ ಕಳಚಿ, ಬೇರು ತೊಳೆದು, ಕಿಟಕಿಯ ಬೆಳಕಿಗೆ ಹಿಡಿದೆ. ಮೇಲಿನ ನಾಲ್ಕಾರು ಬೇರು ಬೆಳ್ಳಗೆ ಗಟ್ಟಿಯಾಗಿದ್ದವು. ಕೆಳಗಿನವು ಕಂದು. ಒಂದು ಕಂದು ಬೇರನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದೆ. ಸಿಪ್ಪೆ ಕೈಗೆ ಬಂತು, ಒಳಗಿನ ದಾರದಂಥ ನಾರು ಮಾತ್ರ ಗಿಡದಲ್ಲಿ ಉಳಿಯಿತು. ಹೀಗಾದರೆ ಕೊಳೆ, ಅನುಮಾನವೇ ಬೇಡ. ಅಂಥ ಗಿಡಕ್ಕೆ ಯಾವ ಎಣ್ಣೆಯೂ ನಾಟುವುದಿಲ್ಲ. ಬ್ಲೇಡಿನಿಂದ ಕಾಂಡವನ್ನು ಕೆಳಗಿನಿಂದ ಚೂರು ಚೂರೇ ಕತ್ತರಿಸುತ್ತಾ ಹೋಗಿ. ಕತ್ತರಿಸಿದ ಜಾಗದಲ್ಲಿ ಒಂದು ಕಂದು ಚುಕ್ಕೆಯೂ ಇರಬಾರದು, ಪೂರ್ತಿ ಹಸಿರು ಕಾಣಬೇಕು. ಸುಳಿ, ಸುತ್ತಲಿನ ಆರೇಳು ಎಲೆ ಸಾಕು. ಕಾಂಡವನ್ನು ಸ್ವಲ್ಪ ಕೆರೆದು, ಬರೀ ತೇವವಿರುವ ಕುಂಡದ ಮಿಶ್ರಣದಲ್ಲಿ ಕೂರಿಸಿ, ಪಾರದರ್ಶಕ ಡಬ್ಬಿಯಲ್ಲಿ ಮುಚ್ಚಿಡಿ. ತಿಂಗಳು, ಒಂದೂವರೆ ತಿಂಗಳಲ್ಲಿ ಬೇರು ಬರುತ್ತದೆ. ಚುಕ್ಕೆ ಸುಳಿಯವರೆಗೂ ಏರಿದ್ದರೆ ಅದನ್ನು ಬಿಟ್ಟುಬಿಡಿ, ಗಟ್ಟಿ ಎಲೆ ಒಂದೆರಡು ಸಿಕ್ಕರೆ ನೆಟ್ಟುಕೊಳ್ಳಿ.

ಕೊಳೆ ಯಾಕೆ ಬಂತು ಅಂದರೆ ಬತ್ತಿಯಿಂದ, ಅಂದರೆ ಕೆಳಗಿನ ಡಬ್ಬಿಯ ನೀರನ್ನು ಕುಂಡದೊಳಗೆ ಹೀರಿ ಕೊಡುವ ದಾರದಿಂದ. ಬತ್ತಿ ನೀರಾವರಿ ಬೆಂಗಳೂರಿಗೆ ಸರಿ. ಇಲ್ಲಿ ಕೋಣೆ 34 ಡಿಗ್ರಿ ದಾಟಿದ ಮೇಲೆ ಸದಾ ಒದ್ದೆ ಇರುವ ಮಣ್ಣು ಬೇರನ್ನು ಉಳಿಸುವುದಿಲ್ಲ. ವಯೊಲೆಟ್ ತಾಂಜಾನಿಯಾದ ಉಸಂಬರಾ ಬೆಟ್ಟಗಳ ನೆರಳಿನ ಗಿಡ, ಬಂಡೆಯ ಸಂದಿಯಲ್ಲಿ ಹಿಡಿ ಮಣ್ಣು ಸಿಕ್ಕರೂ ಬೆಳೆಯುತ್ತದೆ. ಅದಕ್ಕೆ ಬೇರಿಗೆ ಗಾಳಿ ಬೇಕು. ಏಪ್ರಿಲ್ ಬಂದ ಕೂಡಲೇ ನಾನು ಬತ್ತಿ ಎಳೆದು ಬಿಸಾಕುತ್ತೇನೆ, ಗೊಬ್ಬರವನ್ನೂ ನಿಲ್ಲಿಸುತ್ತೇನೆ. ಕುಂಡ ಎತ್ತಿ ನೋಡಿ, ಹಗುರಾದರೆ ಮಾತ್ರ ನೀರು. ಆ ಮೂರು ತಿಂಗಳು ಹೂ ಬರುವುದಿಲ್ಲ, ಬರುವುದೂ ಬೇಡ. ಮಿಶ್ರಣಕ್ಕೆ ನಾನು ಏನೇನು ಎಷ್ಟು ಹಾಕುತ್ತೇನೆ ಅಂತ ಕೇಳಬೇಡಿ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಕಡಿಮೆ, ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಕಾಳು) ಜಾಸ್ತಿ, ಇಷ್ಟು ಹೇಳಬಲ್ಲೆ. ಮೂರನೆಯದು ನನ್ನಲ್ಲೇ ಇರಲಿ.

ಇನ್ನು ನೀರು. ನಮ್ಮ ಬೋರ್ ನೀರು ಎಂಥದ್ದು ಅಂತ ಇಲ್ಲಿನವರಿಗೆ ಹೇಳಬೇಕಾಗಿಲ್ಲ, ಗೀಸರ್ ಬಿಚ್ಚಿದರೆ ಗೊತ್ತಾಗುತ್ತದೆ. ನೀರಿನಲ್ಲಿ ಕರಗಿದ ಉಪ್ಪನ್ನು ಅಳೆಯುವ ಮುನ್ನೂರು ರೂಪಾಯಿಯ ಟಿಡಿಎಸ್ ಮೀಟರ್ ಅದ್ದಿದೆ, ಸಾವಿರದ ಮೇಲೆ ತೋರಿಸಿತು. ಬೀದಿ ಕೊನೆಯಿಂದ ತರುವ ಫಿಲ್ಟರ್ ನೀರಿನ ಕ್ಯಾನ್‌ನಲ್ಲಿ ಅದೇ ಮೀಟರ್ ಐವತ್ತು, ಅರವತ್ತು ತೋರಿಸಿತು. ಉಪ್ಪು ಹಿಡಿದ ಗಿಡವನ್ನು ಗುರುತಿಸುವುದು ಸುಲಭ. ಮಣ್ಣಿನ ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿರುತ್ತದೆ. ಕೆಳಗಿನ ಎಲೆಗಳ ತೊಟ್ಟು ಆ ಅಂಚಿಗೆ ತಾಗಿದ ಕಡೆ ತುಕ್ಕು ಬಣ್ಣದ ಅಡ್ಡ ಗೆರೆ. ಎರಡು ವಾರದಲ್ಲಿ ಎಲೆ ಅಲ್ಲೇ ಮುರಿದು ಬೀಳುತ್ತದೆ. ಅದನ್ನೂ ಜನ ಕೊಳೆ ರೋಗ ಅಂದುಕೊಂಡು ಎಣ್ಣೆ ಹೊಡೆಯುತ್ತಾರೆ. ಮಣ್ಣಿನ ಕುಂಡ ಎಲ್ಲ ತೆಗೆದು ಪ್ಲಾಸ್ಟಿಕ್‌ಗೆ ಬದಲಿಸಿದೆ. ತಿಂಗಳಿಗೊಮ್ಮೆ ಫಿಲ್ಟರ್ ನೀರನ್ನು ಕುಂಡದ ಮೂರ‍್ನಾಲ್ಕು ಪಟ್ಟು ಮೇಲಿನಿಂದ ಸುರಿದು ಉಪ್ಪು ತೊಳೆಯುತ್ತೇನೆ. ಎಲ್ಲಕ್ಕೂ ಸೇರಿ ವಾರಕ್ಕೆ ಒಂದೂವರೆ ಕ್ಯಾನ್, ಇಪ್ಪತ್ತು ರೂಪಾಯಿಯೂ ಆಗುವುದಿಲ್ಲ. ಪಕ್ಕದ ಮನೆಯವರ ಎಸಿಯಿಂದ ಬೀಳುವ ನೀರನ್ನೂ ಒಂದು ಬೇಸಿಗೆ ಹಿಡಿದು ಹಾಕಿ ನೋಡಿದೆ. ಮೀಟರ್‌ನಲ್ಲಿ ಫಿಲ್ಟರ್ ನೀರಿಗಿಂತ ಕಡಿಮೆ ಬಂತು, ಗಿಡಗಳೂ ಚೆನ್ನಾಗೇ ಇದ್ದವು.

ಅತಿ ಕಷ್ಟದ ಪ್ರಶ್ನೆ ಸುಳಿಯದ್ದು. ನಡುವಿನ ಎಲೆಗಳು ಚಿಕ್ಕದಾಗಿ, ಒತ್ತೊತ್ತಾಗಿ, ಗಡುಸಾಗಿ ಬರುತ್ತಿದ್ದರೆ ಅದು ನುಸಿಯೋ (ಮೈಟ್) ಉಪ್ಪೋ? ಈ ನುಸಿ ಬರಿಗಣ್ಣಿಗೆ ಕಾಣುವುದಿಲ್ಲ. ನಾನು ಭೂತಗನ್ನಡಿ ಹಿಡಿದು ಸುಳಿಯ ಬಣ್ಣ ನೋಡುತ್ತೇನೆ. ಎಲೆಯ ಮೇಲಿನ ಸಣ್ಣ ಕೂದಲ ತುದಿಯಲ್ಲಿ ಕಿತ್ತಳೆ ಬಣ್ಣದ ಕಣಗಳಿದ್ದರೆ ಗೊಬ್ಬರದ ಉಪ್ಪು. ಬೂದು ಬಣ್ಣಕ್ಕೆ ತಿರುಗಿ, ಕೂದಲು ಜಾಸ್ತಿಯಾಗಿ, ಎಲೆ ಒಳಕ್ಕೆ ಸುರುಳಿ ಸುತ್ತಿಕೊಂಡಿದ್ದರೆ ನುಸಿ. ಗೊಂದಲವಾದರೆ ಗಿಡವನ್ನು ಬೇರೆ ಕೋಣೆಗೆ ಒಯ್ದು, ಮಣ್ಣು ತೊಳೆದು, ಗೊಬ್ಬರ ಬಿಟ್ಟು ಒಂದು ತಿಂಗಳು ಕಾಯಿರಿ. ಹೊಸ ಎಲೆ ಸರಿಯಾಗಿ ಬಂದರೆ ಉಪ್ಪೇ. ಬರದಿದ್ದರೆ ನಾನು ಗಿಡವನ್ನು ಚೀಲದಲ್ಲಿ ಕಟ್ಟಿ ಎಸೆಯುತ್ತೇನೆ, ಎಷ್ಟೇ ದುಬಾರಿ ತಳಿ ಇರಲಿ. ಅಂಗಡಿಯವರು ನುಸಿಗೂ ಇಮಿಡಾಕ್ಲೋಪ್ರಿಡ್ ಕೊಡುತ್ತಾರೆ. ಅದು ರಸ ಹೀರುವ ಹುಳಕ್ಕೆ, ನುಸಿಗೆ ಏನೂ ಆಗುವುದಿಲ್ಲ. ದುಡ್ಡು ದಂಡ.

ಗೊಬ್ಬರದ ವಿಷಯಕ್ಕೆ ಬಂದರೆ, ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮ ಇರುವ 19:19:19 ಎಲ್ಲರ ಮನೆಯಲ್ಲೂ ಇದೆ. ಅದರಲ್ಲಿ ಯೂರಿಯಾ ಅಂಶ ಜಾಸ್ತಿ, ವಯೊಲೆಟ್ ಬೇರಿಗೆ ಬಿಸಿ. ಆದರೂ ಲೀಟರಿಗೆ ಕಾಲು ಗ್ರಾಂ ಮೀರದಂತೆ ಹಾಕಿ ನಡೆಸುತ್ತಿದ್ದೇನೆ, ಕಿತ್ತಳೆ ಸುಳಿ ಕಂಡಿಲ್ಲ.

ಹುಳಗಳ ಬಗ್ಗೆ ಎರಡೇ ಮಾತು. ನೀಲಿ ಹೂವಿನ ಮೇಲೆ ಹಳದಿ ಪರಾಗ ಉದುರಿದ್ದರೆ ಥ್ರಿಪ್ಸ್ ಅನ್ನುವ ಸಣ್ಣ ಹುಳ. ಎಲ್ಲ ಹೂ, ಮೊಗ್ಗು ಕಿತ್ತು ಎರಡು ತಿಂಗಳು ಹೂ ಬಿಡಲು ಕೊಡಬೇಡಿ. ಕುಂಡ ಕಳಚಿದಾಗ ಬೇರಿಗೆ ರವೆ ಮೆತ್ತಿದಂತೆ ಬಿಳಿ ಕಾಳು ಕಂಡರೆ ಅದು ಮಣ್ಣಿನ ಹಿಟ್ಟು ತಿಗಣೆ. ಕಳಚದೆ ಅದು ಗೊತ್ತಾಗುವುದೇ ಇಲ್ಲ. ಪರ್ಲೈಟ್ ಅಂದುಕೊಂಡು ಬಿಡಬೇಡಿ, ಉಗುರಲ್ಲಿ ಒತ್ತಿ ನೋಡಿ.

ಡಿಸೆಂಬರ್‌ನಲ್ಲಿ ಎಲೆ ಮೇಲೆ ತಿಳಿ ಹಳದಿ ಉಂಗುರ ಬಂತು ಅಂತ ಬೀದರ್‌ನ ಗೆಳತಿ ಫೋಟೋ ಕಳಿಸಿದ್ದಳು. ಬೆಳಗಿನ ಜಾವದ ತಣ್ಣಗಿನ ಟ್ಯಾಂಕ್ ನೀರು ಎಲೆ ಮೇಲೆ ಬಿದ್ದದ್ದಷ್ಟೇ. ರೋಗ ಅಲ್ಲ, ಹರಡುವುದಿಲ್ಲ, ಆ ಗುರುತು ಹೋಗುವುದೂ ಇಲ್ಲ. ಬಿಳಿ ಮಚ್ಚೆಯ ತಳಿಗಳು ಮೇ ತಿಂಗಳಲ್ಲಿ ಪೂರ್ತಿ ಹಸಿರಾದರೂ ಗಾಬರಿ ಬೇಡ. ಸೆಕೆಗೆ ಹಾಗಾಗುತ್ತದೆ, ಚಳಿಗೆ ಮಚ್ಚೆ ವಾಪಸ್ ಬರುತ್ತದೆ.

ಶಹಾಬಾದ್ ಕಲ್ಲಿನ ಚಪ್ಪಡಿ ಒದ್ದೆ ಮಾಡಿ ಅದರ ಮೇಲೆ ಕುಂಡ ಇಟ್ಟು ನೋಡಿದ್ದೇನೆ. ಮಧ್ಯಾಹ್ನ ಎರಡು, ಮೂರು ಡಿಗ್ರಿ ಇಳಿಯಿತು. ಈ ವರ್ಷ ಮೂರು ಸಾಲಿಗೂ ಹಾಸುತ್ತೇನೆ. ಕಪಾಟಿಗೆ ಒಂದು ಚಪ್ಪಡಿ ಕತ್ತರಿಸಿಕೊಡಲು ನೂರೈವತ್ತು ತೆಗೆದುಕೊಂಡರು.

ಹೋದ ವರ್ಷ ಎಲೆ ಮಾರಿದ ದುಡ್ಡಿನಲ್ಲಿ ಲೈಟಿನ ಖರ್ಚು ಹೊರಟಿತು. ಒಂದು ಎಲೆಗೆ ಎಂಬತ್ತು ರೂಪಾಯಿ, ಬೇರು ನೋಡಿದ ಗಿಡದ ಎಲೆ ಮಾತ್ರ ಕೊಡುತ್ತೇನೆ. ಬೇಕಾದವರು ಜುಲೈ ಮೇಲೆ ಕೇಳಿ. ಬೇಸಿಗೆಯಲ್ಲಿ ಕೊರಿಯರ್ ಮಾಡುವುದಿಲ್ಲ, ಡಬ್ಬಿಯಲ್ಲೇ ಬೆಂದುಹೋಗುತ್ತವೆ.