1933ರ ದೈತ್ಯಮೃಗದ ಕತೆಯನ್ನು ಮೈಸೂರಿನಲ್ಲಿ ಮತ್ತೆ ಮಾಡಿದ್ದು ಹೀಗೆ

ದೈತ್ಯಮೃಗದ ಹಳೇ ಸಿನಿಮಾವನ್ನು ಈಗಿನವರಿಗಾಗಿ ಮತ್ತೆ ಮಾಡ್ತೀವಿ ಅಂದರೆ ಎಲ್ಲರೂ ಮೊದಲು ಕೇಳೋದು ಮೃಗ ಎಷ್ಟು ದೊಡ್ಡದು ಅಂತ. ನಮ್ಮನ್ನು ಕಾಡಿದ ಪ್ರಶ್ನೆ ಬೇರೆ. ಅದನ್ನು ಸರಪಳಿ ಹಾಕಿ ತಂದು ನಿಲ್ಲಿಸಿದಾಗ ದುಡ್ಡು ಕೊಟ್ಟು ನೋಡಲು ಬಂದವರು ಯಾರು? ಮೈಸೂರಿನ ಒಂದು ಸಣ್ಣ ತಂಡ ನಮ್ಮದು. 'ಕಿಂಗ್ ಕಾಂಗ್' ಕತೆಯ ಎಲುಬನ್ನು ಮಾತ್ರ ಇಟ್ಟುಕೊಂಡು ಇಪ್ಪತ್ತೆರಡು ನಿಮಿಷದ ಕಿರುಚಿತ್ರ ಮಾಡಿದೆವು. ಹೇಗೆ ಮಾಡಿದೆವು ಅಂತ ಇಲ್ಲಿ ಬರೆಯುತ್ತಿದ್ದೇನೆ, ಇಂಥದ್ದಕ್ಕೆ ಕೈ ಹಾಕುವವರಿಗೆ ಉಪಯೋಗಕ್ಕೆ ಬರಲಿ ಅಂತ.

ಮೂಲ ಕತೆ ನಿಮಗೆ ಗೊತ್ತೇ ಇರುತ್ತದೆ. ಸಿನಿಮಾ ತೆಗೆಯುವವನೊಬ್ಬ ದ್ವೀಪಕ್ಕೆ ಹೋಗಿ ದೊಡ್ಡ ವಾನರನನ್ನು ಹಿಡಿದು ನ್ಯೂಯಾರ್ಕಿಗೆ ತರುತ್ತಾನೆ, ರಂಗಮಂದಿರದಲ್ಲಿ ಕಟ್ಟಿ ತೋರಿಸುತ್ತಾನೆ, ಅದು ಕಿತ್ತುಕೊಂಡು ಎಂಪೈರ್ ಸ್ಟೇಟ್ ಕಟ್ಟಡ ಹತ್ತುತ್ತದೆ, ವಿಮಾನಗಳು ಗುಂಡು ಹಾರಿಸುತ್ತವೆ. ಆ ಕಟ್ಟಡ ಕಟ್ಟಿ ಮುಗಿದು ತೆರೆದದ್ದು 1931ರಲ್ಲಿ. ಅಂದರೆ ಆಗಿನ ಜನಕ್ಕೆ ಅದು ಹೊಚ್ಚ ಹೊಸದು, ಜಗತ್ತಿನಲ್ಲೇ ಎತ್ತರದ್ದು. 1976ರಲ್ಲಿ ಮತ್ತೆ ಮಾಡಿದವರು ಕತೆಯನ್ನು ತಮ್ಮ ಕಾಲಕ್ಕೆ ತಂದು ವರ್ಲ್ಡ್ ಟ್ರೇಡ್ ಸೆಂಟರ್ ಹತ್ತಿಸಿದರು. 2005ರಲ್ಲಿ ಪೀಟರ್ ಜಾಕ್ಸನ್ ವಾಪಸ್ 1933ಕ್ಕೇ ಹೋದರು, ಆದರೆ ನೂರು ನಿಮಿಷದ ಕತೆಯನ್ನು ಮೂರು ಗಂಟೆ ಮಾಡಿದರು. ನನಗೆ ಆ ಮೂರರಲ್ಲಿ ಇವತ್ತಿಗೂ ಎದೆಗೆ ತಾಗುವುದು ರಂಗಮಂದಿರದ ದೃಶ್ಯ. ದ್ವೀಪದ ಡೈನೋಸಾರ್‌ಗಳು ನೋಡೋಕೆ ಚೆನ್ನ, ಆದರೆ ಕತೆ ಇರುವುದು ಆ ಸರಪಳಿಯಲ್ಲಿ. ಹಾಗಾಗಿ ಪೂರ್ತಿ ಭಾರವನ್ನು ಅಲ್ಲಿಗೇ ಹಾಕೋಣ ಅಂತ ತೀರ್ಮಾನ ಮಾಡಿದೆವು.

ಮೃಗ ಯಾವುದು? ವಾನರ ಬೇಡ ಅಂತ ಬೇಗ ಗೊತ್ತಾಯಿತು. ನಮ್ಮ ಮೃಗಾಲಯಕ್ಕೆ 2021ರಲ್ಲಿ ಜರ್ಮನಿಯಿಂದ ಎರಡು ಗೊರಿಲ್ಲಾಗಳು ಬಂದಿವೆ, ಅವುಗಳ ಮುಂದೆ ತುಂಬಾ ಹೊತ್ತು ನಿಂತು ನೋಡಿದೆವು. ಚಂದದ ಪ್ರಾಣಿಗಳು. ಆದರೆ ನಮ್ಮ ಕಾಡಿನವಲ್ಲ. ಪಕ್ಕದಲ್ಲೇ ಉತ್ತರ ಇತ್ತು: ಕರಡಿ. ನಾಗರಹೊಳೆ, ಕಾಕನಕೋಟೆ ಕಡೆಯ ಕಾಡಲ್ಲಿ ಇರುವಂಥದ್ದು. ಎದ್ದು ಎರಡು ಕಾಲಿನ ಮೇಲೆ ನಿಲ್ಲುತ್ತದೆ, ಎದೆಯ ಮೇಲೆ ಬಿಳಿ ಪಟ್ಟೆ, ಉದ್ದ ಉಗುರು, ಜೊಂಪೆ ರೋಮ. ರಾಮಾಯಣದ ಜಾಂಬವಂತ ನಮ್ಮ ಮಕ್ಕಳಿಗೂ ಗೊತ್ತು, ಹಾಗಾಗಿ ದೊಡ್ಡ ಕರಡಿ ಅಂದರೆ ಯಾರಿಗೂ ವಿವರಿಸಬೇಕಿಲ್ಲ. ಇನ್ನೊಂದು ವಿಷಯವೂ ಇದೆ. ನನ್ನ ವಯಸ್ಸಿನವರು ಬೀದಿಯಲ್ಲಿ ಕರಡಿ ಆಡಿಸುವುದನ್ನು ಕಂಡವರು. ಮೂತಿಗೆ ತೂತು ಮಾಡಿ ಹಗ್ಗ ಪೋಣಿಸಿ ಮನೆಮನೆ ಮುಂದೆ ಕುಣಿಸುತ್ತಿದ್ದರು, ನಾವು ಚಪ್ಪಾಳೆ ತಟ್ಟುತ್ತಿದ್ದೆವು. ಅಂಥ ಕರಡಿಗಳನ್ನು ಬಿಡಿಸಿ ಸಾಕಲು ಬನ್ನೇರುಘಟ್ಟದಲ್ಲಿ ಕೇಂದ್ರ ಮಾಡಿದ್ದಾರೆ. ಮೂಲ ಕತೆಯ ರಂಗಮಂದಿರ ನಮ್ಮ ಬೀದಿಯಲ್ಲೇ ಇತ್ತು, ಅಲ್ವಾ?

ಹಿಡಿಯುವುದು ಹೇಗೆ ಅನ್ನೋದಕ್ಕೆ ಖೆಡ್ಡಾ ಇತ್ತು. 1870ರ ದಶಕದಲ್ಲಿ ಸ್ಯಾಂಡರ್ಸನ್ ಎಂಬ ಬ್ರಿಟಿಷ್ ಅಧಿಕಾರಿ ಮೈಸೂರು ಸೀಮೆಯಲ್ಲಿ ಶುರು ಮಾಡಿದ ಆನೆ ಹಿಡಿಯುವ ಪದ್ಧತಿ ಅದು. ತಮಟೆ, ಪಟಾಕಿ, ಬೆಂಕಿ ಹಿಡಿದು ಕಾಡಾನೆಗಳನ್ನು ಹೊಳೆಗೆ ಅಟ್ಟಿ, ಆಚೆ ದಡದ ಬೇಲಿಯೊಳಗೆ ತುಂಬುತ್ತಿದ್ದರು. ಕೊನೆಯ ಖೆಡ್ಡಾ ಆಗಿದ್ದು 1971ರಲ್ಲಿ, ಕಾಕನಕೋಟೆಯಲ್ಲಿ. ನಮ್ಮ ದೊಡ್ಡಪ್ಪ ಹರೆಯದಲ್ಲಿ ಒಂದು ಖೆಡ್ಡಾ ಕಂಡಿದ್ದರು. ಆನೆಗಳಿಗಿಂತ ಜಾಸ್ತಿ ಅವರಿಗೆ ನೆನಪಿದ್ದುದು ನೋಡುವವರಿಗಾಗಿ ಕಟ್ಟಿದ್ದ ಅಟ್ಟಣಿಗೆ, ಕಾರಲ್ಲಿ ಬಂದವರು, ಅವರ ಕೈಯಲ್ಲಿದ್ದ ದುರ್ಬೀನು. ಅದನ್ನು ಕೇಳಿದ ದಿನವೇ ನಮ್ಮ ಚಿತ್ರ 1971ರಲ್ಲಿ ನಡೆಯಬೇಕು ಅಂತ ಆಯಿತು. ಆಗ ಕಬಿನಿ ಅಣೆಕಟ್ಟೆಯ ಕೆಲಸ ನಡೀತಿತ್ತು, ಆ ಕಾಡಿನ ಒಂದು ಭಾಗ ಮುಂದೆ ನೀರಿನಡಿ ಹೋಗುವುದಿತ್ತು. ಹಿಡಿದವರೂ ಕರಡಿಯನ್ನು ವಾಪಸ್ ಬಿಡಲಾರರು, ಬಿಟ್ಟರೂ ಅದಕ್ಕೆ ಮನೆ ಉಳಿಯುವುದಿಲ್ಲ. ಈಗಿನ ಪ್ರೇಕ್ಷಕರಿಗೆ ಅಂದ ಮಾತ್ರಕ್ಕೆ ಮೊಬೈಲು, ಮೆಟ್ರೋ ತೋರಿಸಬೇಕು ಅಂತೇನಿಲ್ಲ. ಅವರು ಮೃಗದ ಪಕ್ಕ ನಿಂತು ನೋಡುತ್ತಾರೆ ಅನ್ನೋದನ್ನು ಒಪ್ಪಿಕೊಂಡು ಕತೆ ಕಟ್ಟಿದರೆ ಸಾಕು.

ಮೂಲದಲ್ಲಿ ನನಗೆ ಒಪ್ಪಿಗೆಯೇ ಆಗದ್ದು ಎರಡು. ದ್ವೀಪದ ಜನರನ್ನು ತೋರಿಸಿದ ರೀತಿ ಒಂದು. ಮೈಗೆ ಬಣ್ಣ ಬಳಿದು ಕುಣಿಯುವ ಗುಂಪು, ಹೆಣ್ಣನ್ನು ಮೃಗಕ್ಕೆ ಬಲಿ ಕೊಡುವವರು. ನಮ್ಮ ಚಿತ್ರದಲ್ಲಿ ಆ ಜಾಗದಲ್ಲಿ ಬರುವವರು ಕಾಡಿನ ಜೇನುಕುರುಬರು, ಅವರನ್ನು ಹಾಗೆ ಬರೆಯುವ ಮಾತೇ ಇಲ್ಲ. ಒಬ್ಬರು ಹಿರಿಯ ಮಾವುತರ ಜೊತೆ ಕೂತು ದೃಶ್ಯ ದೃಶ್ಯವಾಗಿ ಓದಿದೆವು. ಮೃಗದ ಮುಂದೆ ಊರಿನವರೆಲ್ಲ ಸೇರಿ ಪೂಜೆ ಮಾಡುವ ಒಂದು ದೃಶ್ಯ ಚಿತ್ರಕತೆಯ ಮೊದಲ ಪ್ರತಿಯಲ್ಲಿತ್ತು. ಅವರು ನಕ್ಕರು. "ದೊಡ್ಡುದು ಬಂದ್ರೆ ದಾರಿ ಬುಡ್ತೀವಿ ಸ್ವಾಮಿ. ಪೂಜೆ ಮಾಡ್ಕಂಡು ನಿಂತ್ಕಳಕ್ಕಾಯ್ತದಾ?" ಆ ದೃಶ್ಯ ಹೋಯಿತು. ದಾರಿ ಬಿಡುವ ದೃಶ್ಯ ಬಂತು: ಮುದುಕಿಯೊಬ್ಬಳು ಮಗುವಿನ ಬಾಯಿ ಮುಚ್ಚಿಕೊಂಡು ಪಕ್ಕಕ್ಕೆ ಸರಿಯುತ್ತಾಳೆ, ಕರಡಿ ಹಾದು ಹೋಗುತ್ತದೆ, ಅಷ್ಟೇ. ಇಡೀ ಚಿತ್ರದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಅದು.

ಎರಡನೆಯದು ನಾಯಕಿ. ಮೂಲದಲ್ಲಿ ನಟಿ ಫೇ ರೇ ಕಿರುಚುತ್ತಲೇ ಇರಬೇಕು. ನಮ್ಮ ನಾಯಕಿ ಆಕಾಶವಾಣಿಯವಳು. 1935ರಲ್ಲೇ ಮೈಸೂರಿನಲ್ಲಿ ರೇಡಿಯೋ ಶುರುವಾಗಿತ್ತು, ಹಾಗಾಗಿ 1971ರಲ್ಲಿ ಖೆಡ್ಡಾದ ಸದ್ದು ಹಿಡಿಯಲು ಸ್ಪೂಲ್ ಟೇಪ್ ರೆಕಾರ್ಡರ್ ಹೊತ್ತು ಒಬ್ಬಳು ಕಾಡಿಗೆ ಹೋಗುವುದು ಸಹಜವಾಗಿಯೇ ಬಂತು. ಕರಡಿಯನ್ನು ಕಾಣುವ ಮೊದಲೇ ಅವಳಿಗೆ ಅದು ಕೇಳಿಸುತ್ತದೆ. ಇದರಿಂದ ಇನ್ನೊಂದು ತೊಡಕೂ ಬಗೆಹರಿಯಿತು. 1933ರ ಚಿತ್ರದಲ್ಲಿ ಮೃಗ ಕಾಣಲು ಮುಕ್ಕಾಲು ಗಂಟೆ ಆಗುತ್ತದೆ, 2005ರದ್ದರಲ್ಲಿ ಒಂದು ಗಂಟೆಯೂ ದಾಟುತ್ತದೆ. ಫೋನಲ್ಲಿ ನೋಡುವವರು ಅಷ್ಟು ಹೊತ್ತು ಕಾಯುವುದಿಲ್ಲ. ನಮ್ಮಲ್ಲಿ ಮೊದಲ ನಿಮಿಷದಲ್ಲೇ ಅದರ ಸದ್ದು ಬರುತ್ತದೆ, ಮೈ ಕಾಣುವುದು ತಡವಾಗಿ.

ಈಗ ಬೊಂಬೆಯ ವಿಷಯ. ಕಂಪ್ಯೂಟರಿನಲ್ಲಿ ಮಾಡಬಹುದಿತ್ತು, ಆದರೆ ಒಂದೊಂದೇ ಚೌಕಟ್ಟಿಗೆ ಕೈಯಲ್ಲಿ ಅಲುಗಾಡಿಸುವ ಸ್ಟಾಪ್ ಮೋಷನ್ನೇ ಬೇಕು ಅಂತ ನಾನು ಹಟ ಹಿಡಿದೆ. ವಿಲಿಸ್ ಓಬ್ರಿಯನ್ ಮೂಲದ ಕಾಂಗನ್ನು ಹಾಗೆಯೇ ನಡೆಸಿದ್ದು. ಅವರ ಬೊಂಬೆ ಸುಮಾರು 18 ಇಂಚು, ಒಳಗೆ ಲೋಹದ ಕೀಲುಗಳು, ಮೇಲೆ ಮೊಲದ ತುಪ್ಪಳ. ನಮ್ಮ ಕತೆಯ ಕರಡಿ 20 ಅಡಿ, ಅಡಿಗೆ ಒಂದು ಇಂಚಿನ ಲೆಕ್ಕ, ಹಾಗಾಗಿ ಬೊಂಬೆ 20 ಇಂಚು. ಒಳಗೆ ಹೆಣೆದ ಅಲ್ಯೂಮಿನಿಯಂ ತಂತಿ, ಅದರ ಮೇಲೆ ಫೋಮು, ಮೇಲೆ ಬೊಂಬೆ ಮಾಡುವ ಕಪ್ಪು ಜೂಲು ಬಟ್ಟೆ. ಉಗುರನ್ನು ಮರದ ಕೆಲಸದ ಒಬ್ಬ ಅಣ್ಣ ಹಾಲೆ ಮರದಲ್ಲಿ ಕೆತ್ತಿಕೊಟ್ಟರು. ಚನ್ನಪಟ್ಟಣದ ಬೊಂಬೆಗೆ ಬಳಸುವ ಬಿಳಿ ಮರ ಅದು, ಕರಡಿ ಉಗುರಿನ ಬಣ್ಣಕ್ಕೆ ಹೊಂದುತ್ತದೆ. ಪಾದದಲ್ಲಿ ನಟ್ಟು ಕೂರಿಸಿ, ಪ್ಲೈವುಡ್ ನೆಲದ ಕೆಳಗಿನಿಂದ ಬೋಲ್ಟ್ ಬಿಗಿಯುತ್ತಿದ್ದೆವು. ಇಲ್ಲದಿದ್ದರೆ ಒಂದು ಕಾಲು ಎತ್ತಿದ ತಕ್ಷಣ ಬಿದ್ದೇ ಹೋಗುತ್ತದೆ.

ಮೂಲ ಚಿತ್ರದಲ್ಲಿ ಕಾಂಗ್‌ನ ರೋಮ ಸುಮ್ನೆ ಅಲೆಯಾಡುತ್ತಿರುತ್ತದೆ, ಗಮನಿಸಿದ್ದೀರಾ? ಪ್ರತಿ ಚೌಕಟ್ಟಿಗೂ ಬೆರಳು ತಾಗಿದ ಗುರುತು ಅದು. ನೋಡುವವರಿಗೆ ಸಿಟ್ಟಿಗೆ ರೋಮ ನಿಮಿರಿದ ಹಾಗೆ ಕಾಣುತ್ತದೆ. ನಾವು ಖೆಡ್ಡಾ ದೃಶ್ಯದಲ್ಲಿ ಅದನ್ನು ಬೇಕಂತಲೇ ಉಳಿಸಿಕೊಂಡೆವು. ಶಾಂತವಾದ ದೃಶ್ಯಗಳಲ್ಲಿ ಮಾತ್ರ ರೋಮಕ್ಕೆ ಹೇರ್ ಜೆಲ್ ಹಚ್ಚಿ ಬಾಚಿ, ಬೆನ್ನ ಹಿಂದಿನಿಂದಷ್ಟೇ ಮುಟ್ಟುತ್ತಿದ್ದೆವು. ಒಂದೇ ಬೊಂಬೆಗೆ ಎರಡು ಮನಸ್ಥಿತಿ ಸಿಕ್ಕಿತು.

ನಟನೆ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಇಡೀ ಚಿತ್ರ ನಿಂತಿರುವುದೇ ಅದರ ಮೇಲೆ. ಸಿನಿಮಾಕ್ಕೆ ಸೆಕೆಂಡಿಗೆ 24 ಚೌಕಟ್ಟು. ನಾವು ಒಂದು ಭಂಗಿಯನ್ನು ಎರಡು ಚೌಕಟ್ಟಿಗೆ ಇಟ್ಟುಕೊಂಡೆವು, ಅಂದರೆ ಸೆಕೆಂಡಿಗೆ 12 ಭಂಗಿ. ಆದರೆ ಮೃಗ ಬದುಕಿದೆ ಅನ್ನಿಸುವುದು ಅದು ಅಲುಗಾಡುವಾಗ ಅಲ್ಲ, ಅಲುಗಾಡುವ ಮೊದಲು. ಏನು ಮಾಡಲಿ ಅಂತ ಅದು ಯೋಚಿಸುವುದು ಕಾಣಬೇಕು. ಕಾಂಗ್‌ಗೆ ಕಣ್ಣು, ಹುಬ್ಬು ಇತ್ತು. ಕರಡಿಗೆ ಅದು ನಡೆಯುವುದಿಲ್ಲ. ಅದರ ಕಣ್ಣು ಸಣ್ಣದು, ದೃಷ್ಟಿಯೂ ಮಂದ. ಅದು ಲೋಕವನ್ನು ತಿಳಿಯುವುದು ಮೂಗಿನಿಂದ. ಮೃಗಾಲಯದ ಕರಡಿಗಳನ್ನು ನೋಡಿದರೆ ಗೊತ್ತಾಗುತ್ತದೆ, ಆ ಉದ್ದ ತುಟಿ, ಮೂಗಿನ ಹೊಳ್ಳೆ ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ಹಾಗಾಗಿ ಮೂತಿಗೆ ಬೇರೆಯೇ ಸಣ್ಣ ತಂತಿಗಳನ್ನು ಹಾಕಿದೆವು. ನಾಯಕಿಯನ್ನು ಮೊದಲ ಸಲ ಭೇಟಿಯಾದಾಗ ಕರಡಿ ಅವಳ ಕಡೆ ನೋಡುವುದೇ ಇಲ್ಲ. ತಲೆ ಒಂದು ಕಡೆ ತಿರುಗಿಯೇ ಇರುತ್ತದೆ, ಮೂತಿ ಮಾತ್ರ ಅವಳತ್ತ ನಿಧಾನವಾಗಿ ಬರುತ್ತದೆ, ಗಾಳಿ ಎಳೆದುಕೊಳ್ಳುತ್ತದೆ, ನಿಲ್ಲುತ್ತದೆ, ಮತ್ತೆ ಎಳೆದುಕೊಳ್ಳುತ್ತದೆ. ವಸ್ತುಪ್ರದರ್ಶನದ ಮೈದಾನದಲ್ಲಿ ಸರಪಳಿ ಹಾಕಿ ನಿಲ್ಲಿಸಿದಾಗ ಅದೇ ಮೂತಿ ಸಾವಿರ ಜನರ ವಾಸನೆಯೊಳಗೆ ಅವಳೊಬ್ಬಳನ್ನು ಹುಡುಕುತ್ತದೆ. ದಸರಾಕ್ಕೆ ಬಂದ ಜನ, ಬಜ್ಜಿ, ಬೆಂಡು ಬತ್ತಾಸು, ಸೀಮೆಎಣ್ಣೆ ದೀಪ. ಅದನ್ನು ನೋಡಿದ ಮೇಲೆ ಅದು ಸರಪಳಿ ಯಾಕೆ ಕಿತ್ತಿತು ಅಂತ ಯಾರೂ ಕೇಳಲಿಲ್ಲ.

ದೊಡ್ಡದು ಅನ್ನಿಸೋಕೆ ಬೇಕಾದ ಸಂಗತಿಗಳು ಹೆಚ್ಚಿಲ್ಲ. ಕ್ಯಾಮೆರಾ ಮನುಷ್ಯನ ಕಣ್ಣಿನ ಮಟ್ಟದಲ್ಲಿರಬೇಕು, ನಮ್ಮ ಅಳತೆಯಲ್ಲಿ ಅದು ಮೇಜಿನಿಂದ ಐದು ಇಂಚು ಮೇಲೆ. ಹಿನ್ನೆಲೆ ಮಸುಕಾದರೆ ಎಲ್ಲ ಆಟಿಕೆ ಆಗಿಬಿಡುತ್ತದೆ, ಹಾಗಾಗಿ ಲೆನ್ಸಿನ ಕಿಂಡಿಯನ್ನು ಎಫ್ 16ರಷ್ಟು ಸಣ್ಣದು ಮಾಡಿ, ಪ್ರತಿ ಚೌಕಟ್ಟಿಗೂ ಜಾಸ್ತಿ ಹೊತ್ತು ಬೆಳಕು ಬಿಟ್ಟೆವು. ದೀಪಗಳನ್ನು ಬ್ಯಾಟರಿಯಿಂದಲೇ ಉರಿಸಿ, ಮನೆ ಕರೆಂಟಿನ ಏರಿಳಿತ ಚಿತ್ರದಲ್ಲಿ ಮಿನುಗದ ಹಾಗೆ ನೋಡಿಕೊಂಡೆವು.

ನೀರು ಮಾತ್ರ ಸ್ಟಾಪ್ ಮೋಷನ್‌ಗೆ ಬಗ್ಗುವುದಿಲ್ಲ. ಹನಿಯನ್ನು ಚಿಕ್ಕದು ಮಾಡೋಕಾಗಲ್ಲ, ಆದರೆ ನಿಧಾನ ಮಾಡಬಹುದು. ಅದಕ್ಕೊಂದು ಲೆಕ್ಕ ಇದೆ: ಮಾದರಿ ಎಷ್ಟು ಪಟ್ಟು ಚಿಕ್ಕದೋ ಅದರ ವರ್ಗಮೂಲದಷ್ಟು ವೇಗವಾಗಿ ಚಿತ್ರೀಕರಿಸಬೇಕು. ನಮ್ಮದು 12 ಪಟ್ಟು ಚಿಕ್ಕದು, ವರ್ಗಮೂಲ ಸುಮಾರು 3.46, ಹಾಗಾಗಿ 24ರ ಬದಲು ಸೆಕೆಂಡಿಗೆ 83 ಚೌಕಟ್ಟು. ಫೋನಲ್ಲಿ 120 ಸಿಗುತ್ತದೆ, ಅದರಲ್ಲೇ ತೆಗೆದು ಎಡಿಟಿಂಗಿನಲ್ಲಿ ಸರಿ ಮಾಡಿಕೊಂಡೆವು. ನಿಜವಾದ ಹೊಳೆಯ ದೃಶ್ಯಗಳನ್ನು ಶ್ರೀರಂಗಪಟ್ಟಣದ ಹತ್ತಿರದ ಮಹದೇವಪುರದಲ್ಲಿ ತೆಗೆದೆವು. ಎಷ್ಟೋ ಕನ್ನಡ ಸಿನಿಮಾಗಳಿಗೆ ಹೊಳೆ ಕೊಟ್ಟ ಊರು ಅದು, ಕ್ಯಾಮೆರಾ ಕಂಡರೆ ಅಲ್ಲಿನವರು ತಿರುಗಿಯೂ ನೋಡುವುದಿಲ್ಲ.

ಸದ್ದಿಗೆ ಬಂದರೆ, 1933ರಲ್ಲಿ ಮರ್ರೆ ಸ್ಪೈವಾಕ್ ಸಿಂಹ, ಹುಲಿಗಳ ಗರ್ಜನೆಯನ್ನು ನಿಧಾನ ಮಾಡಿ, ಹಿಂದುಮುಂದು ಮಾಡಿ ಕಾಂಗ್‌ನ ಕೂಗು ತಯಾರಿಸಿದ್ದರು. ಜಪಾನಿನ 1954ರ 'ಗಾಡ್ಜಿಲ್ಲಾ'ಕ್ಕೆ ಡಬಲ್ ಬಾಸ್ ವಾದ್ಯದ ತಂತಿಯನ್ನು ಚರ್ಮದ ಕೈಗವಸಿನಲ್ಲಿ ಉಜ್ಜಿದ್ದರು. ಕರಡಿ ಗೆದ್ದಲು ಹೀರುವ ಸದ್ದು ನೂರು ಮೀಟರ್ ಆಚೆಗೂ ಕೇಳುತ್ತದಂತೆ, ನಮಗೆ ಅದೇ ಬೇಕಿತ್ತು. ಪಿವಿಸಿ ಪೈಪಿನಲ್ಲಿ ಉಸಿರು ಎಳೆದು ರೆಕಾರ್ಡ್ ಮಾಡಿ, ನಿಧಾನ ಮಾಡಿ, ಅದರಡಿಯಲ್ಲಿ ಕೊಂಬಿನ ಒಂದು ಉದ್ದ ಸ್ವರ ಸೇರಿಸಿದೆವು. ಹೆಡ್‌ಫೋನಲ್ಲಿ ಎದೆ ನಡುಗುತ್ತದೆ. ಫೋನಿನ ಸಣ್ಣ ಸ್ಪೀಕರಿಗೆ ಅಷ್ಟು ತಗ್ಗಿನ ಸ್ವರ ನುಡಿಸುವ ಶಕ್ತಿ ಇರುವುದಿಲ್ಲ. ಅದಕ್ಕೆ ಅದೇ ಸದ್ದನ್ನು ಸ್ವಲ್ಪ ಒಡೆದು, ಮೇಲಿನ ಸ್ವರಗಳು ಹುಟ್ಟುವ ಹಾಗೆ ಮಾಡಿ ಬೆರೆಸಬೇಕು. ತಗ್ಗಿನದು ಇಲ್ಲದಿದ್ದರೂ ಇದೆ ಅಂತ ಕಿವಿ ತಾನೇ ತುಂಬಿಕೊಳ್ಳುತ್ತದೆ.

ಕೊನೆಗೆ ಎಲ್ಲಿ ಹತ್ತಬೇಕು? ಮೈಸೂರಿನಲ್ಲಿ ಅದಕ್ಕೆ ಚರ್ಚೆಯೇ ಬೇಕಾಗಲಿಲ್ಲ, ಚಾಮುಂಡಿ ಬೆಟ್ಟ. ಕರಡಿ ಮೆಟ್ಟಿಲ ದಾರಿ ಹಿಡಿದು ಹೋಗಿ ನಂದಿಯ ಪಕ್ಕ ಕೂರುತ್ತದೆ. ಆ ನಂದಿ ಎಷ್ಟು ದೊಡ್ಡದು ಅಂತ ಪ್ರತಿಯೊಬ್ಬ ಮೈಸೂರಿಗನ ಮೈಗೇ ಗೊತ್ತು, ಹಾಗಾಗಿ ಕರಡಿಯ ಅಳತೆ ತಾನಾಗಿ ತಿಳಿಯುತ್ತದೆ. ಮೈಸೂರಿನ ಕಲಾ ಕಾಲೇಜು ಕಾವಾದಲ್ಲಿ ಓದಿದ ಗೆಳೆಯ ಜೇಡಿಮಣ್ಣಲ್ಲಿ ಆ ನಂದಿಯನ್ನು ಮಾಡಿದ, ಗಂಟೆ ಸರವನ್ನೂ ಬಿಡದೆ. ಹಿಂದೆ ಕಾಣುವ ಊರು ಬೆಟ್ಟದಿಂದ ತೆಗೆದ ರಾತ್ರಿಯ ಫೋಟೋ. ಅದರಲ್ಲಿ 1971ರಲ್ಲಿ ಇರದ ಬಡಾವಣೆಗಳ ದೀಪಗಳನ್ನು ಒಂದೊಂದಾಗಿ ಅಳಿಸಿದೆವು.

ಸಾಯಿಸಬೇಕೋ ಬೇಡವೋ ಅನ್ನೋದರ ಮೇಲೆ ತಂಡದಲ್ಲಿ ಜಗಳವೇ ಆಯಿತು. ಮೂಲದಲ್ಲಿ ಅದು ಬೀಳುತ್ತದೆ, ಬಿದ್ದದ್ದಕ್ಕೇ ಇಷ್ಟು ವರ್ಷ ನೆನಪಿದೆ ಅನ್ನೋದು ಒಂದು ವಾದ. ನಾನು ಒಪ್ಪಲಿಲ್ಲ. ಖೆಡ್ಡಾದಲ್ಲಿ ಸಿಕ್ಕ ಆನೆ ಬೀಳಲಿಲ್ಲ, ಬದುಕಿ ಕೆಲಸ ಮಾಡಿತು, ಮೆರವಣಿಗೆಯಲ್ಲಿ ನಡೆಯಿತು. ನಮ್ಮ ನೆಲದಲ್ಲಿ ಆದದ್ದು ಅದು. ಹಾಗಾಗಿ ನಮ್ಮ ಕರಡಿಯನ್ನು ಸಾಕಾನೆಗಳು ಸುತ್ತುವರಿದು ಇಳಿಸುತ್ತವೆ, ವಾಪಸ್ ಮೈದಾನಕ್ಕೆ. ಮರುದಿನ ಟಿಕೆಟಿನ ಸಾಲು ಇನ್ನೂ ಉದ್ದ ಇರುತ್ತದೆ.

ಮಂಡ್ಯದ ಒಂದು ಕಾಲೇಜಿನಲ್ಲಿ ತೋರಿಸಿದಾಗ ಒಬ್ಬ ಹುಡುಗ ಎದ್ದು, "ಸಾರ್, ಆನೆಗೂ ಕರಡಿಗೂ ಒಂದು ಫೈಟ್ ಇಡಬೇಕಿತ್ತು" ಅಂದ. ಪಕ್ಕದಲ್ಲಿದ್ದ ಹುಡುಗಿ ನನಗಿಂತ ಮೊದಲೇ ಉತ್ತರ ಕೊಟ್ಟಳು: "ಎರಡನ್ನೂ ಹಿಡ್ಕೊಂಡು ಬಂದಿದ್ದೇ ಅಲ್ವೇನೋ, ಅವು ಯಾಕೆ ಹೊಡೆದಾಡಬೇಕು?" ಆಮೇಲೆ ಅವರಿಬ್ಬರೂ ಅರ್ಧ ಗಂಟೆ ವಾದ ಮಾಡಿದರು, ಇಡೀ ಹಾಲ್ ಎರಡು ಪಾಲಾಯಿತು. ಈಗ ನಲವತ್ತು ನಿಮಿಷದ ಆವೃತ್ತಿಗೆ ಚಿತ್ರಕತೆ ಬರೆಯುತ್ತಿದ್ದೇವೆ. ಫೈಟ್ ಅದರಲ್ಲೂ ಇಲ್ಲ. ಕರಡಿ ಮತ್ತು ಹಳೇ ಖೆಡ್ಡಾದ ಒಂದು ಸಾಕಾನೆ ಒಂದೇ ಮೈದಾನದಲ್ಲಿ ರಾತ್ರಿ ಕಳೆಯುವ ದೃಶ್ಯ ಇದೆ, ಅದಕ್ಕಾಗಿ ಆನೆ ಬೊಂಬೆಯ ಸೊಂಡಿಲಿಗೆ ತಂತಿ ಹೆಣೆಯುವ ಕೆಲಸ ನಡೆದಿದೆ.