ರೋಮ್ ಬಿದ್ದ 277 ವರ್ಷಕ್ಕೆ ರೋಮ್ ಹುಟ್ಟಿತು!

ಮಗಳಿಗೆ ಎಂಟನೇ ಕ್ಲಾಸಿನ ಪಾಠದಲ್ಲಿ ರೋಮ್ ಬಂದಿತ್ತು. ಹಾಲ್‌ನ ಗೋಡೆಗೆ ಉದ್ದನೆಯ ಚಾರ್ಟ್ ಒಂದನ್ನು ಮಾಡೋಣ ಅಂತ ಇಬ್ಬರೂ ಕೂತೆವು. ನಾನು ಘಟನೆಗಳನ್ನೆಲ್ಲ ಎಕ್ಸೆಲ್‌ನಲ್ಲಿ ಟೈಪ್ ಮಾಡಿ, ಇಸವಿ ಪ್ರಕಾರ ಸಾರ್ಟ್ ಕೊಟ್ಟೆ.

ಮೊದಲ ಸಾಲಿನಲ್ಲೇ ರೋಮ್‌ನ ಮೊದಲ ಚಕ್ರವರ್ತಿ ಅಗಸ್ಟಸ್ ಸತ್ತ, 14. ಎರಡನೇ ಸಾಲಿನಲ್ಲಿ ಅಧಿಕಾರಕ್ಕೆ ಬಂದ, 27. ಮೂರನೆಯದರಲ್ಲಿ ಸೀಸರ್ ಕೊಲೆ, 44. ಅಗಸ್ಟಸ್ ಹುಟ್ಟಿದ್ದು ಅದಕ್ಕೂ ಕೆಳಗೆ, 63. 476ರಲ್ಲಿ ಪಶ್ಚಿಮ ರೋಮ್ ಬಿದ್ದುಹೋಯಿತು, ಆಮೇಲೆ 509ರಲ್ಲಿ ರಾಜರನ್ನು ಓಡಿಸಿದರು, ಕಟ್ಟಕಡೆಗೆ 753ರಲ್ಲಿ ಊರು ಕಟ್ಟಿದರು. ಮಗಳು ಬಿದ್ದು ಬಿದ್ದು ನಕ್ಕಳು.

ಕ್ರಿ.ಪೂ., ಕ್ರಿ.ಶ. ಬಿಟ್ಟು ಬರೀ ಅಂಕಿ ಹಾಕಿದ್ದು ನನ್ನದೇ ತಪ್ಪು. ಹಾಕೋಣ ಅಂದರೆ ಒಂದು ಪುಸ್ತಕದಲ್ಲಿ ಕ್ರಿ.ಪೂ., ಇನ್ನೊಂದರಲ್ಲಿ ಸಾ.ಶ.ಪೂ. (ಸಾಮಾನ್ಯ ಶಕ ಪೂರ್ವ), ಇಂಗ್ಲಿಷಿನವುಗಳಲ್ಲಿ ಬಿ.ಸಿ., ಬಿ.ಸಿ.ಇ. ಹೆಸರಷ್ಟೇ ಬೇರೆ, ಲೆಕ್ಕ ಒಂದೇ. ಕ್ರಿ.ಪೂ. 44ಕ್ಕೂ ಸಾ.ಶ.ಪೂ. 44ಕ್ಕೂ ಒಂದು ದಿನದ ವ್ಯತ್ಯಾಸವೂ ಇಲ್ಲ. ಮಗಳು ಮಾತ್ರ ಎ.ಡಿ. ಅಂದ್ರೆ 'ಆಫ್ಟರ್ ಡೆತ್' ಅಂತ ಎಲ್ಲೋ ಕೇಳಿಕೊಂಡು ಬಂದಿದ್ದಳು. "ಹಾಗಾದ್ರೆ ಯೇಸು ಬದುಕಿದ್ದ ಮೂವತ್ತು ಚಿಲ್ಲರೆ ವರ್ಷ ಎಲ್ಲಿ ಹೋಯ್ತು ಪುಟ್ಟಿ?" ಅಂದೆ. ಅದು ಲ್ಯಾಟಿನ್ನಿನ 'ಆನ್ನೋ ಡೊಮಿನಿ', ಅಂದರೆ ಪ್ರಭುವಿನ ವರ್ಷದಲ್ಲಿ.

ಕ್ರಿ.ಪೂ. ಇಸವಿಗಳಿಗೆಲ್ಲ ಮೈನಸ್ ಹಾಕಿದೆ. ಸಾಲು ಸರಿಹೋಯಿತು. ಎಕ್ಸೆಲ್‌ಗೆ 1900ಕ್ಕಿಂತ ಹಿಂದಿನ ತಾರೀಖು ಗೊತ್ತಾಗುವುದಿಲ್ಲ, ಹಾಗಾಗಿ ಆ ಕಾಲಂನಲ್ಲಿ ಬರೀ ಅಂಕಿಯನ್ನೇ ಇಟ್ಟಿದ್ದೆ.

ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಮಗಳು ಅಗಸ್ಟಸ್‌ಗೆ ಎಷ್ಟು ವಯಸ್ಸಾಗಿತ್ತು ಅಂತ ಕೇಳಿದಳು. 63ಕ್ಕೆ 14 ಕೂಡಿಸಿ 77 ಅಂದೆ. ಪುಸ್ತಕ ನೋಡಿದರೆ 75! ಎರಡು ವರ್ಷ ಎಲ್ಲಿ ಹೋಯಿತು?

ಒಂದು ವರ್ಷವನ್ನು ನುಂಗಿದ್ದು ಸೊನ್ನೆ. ಈ ಶಕೆಯ ಎಣಿಕೆ ಶುರುವಾದದ್ದೇ ಕ್ರಿ.ಶ. 525ರಲ್ಲಿ, ಡಯೊನಿಸಿಯಸ್ ಎಕ್ಸಿಗ್ಯುಅಸ್ ಎಂಬ ಸನ್ಯಾಸಿಯಿಂದ. ಅದರಲ್ಲಿ ಸೊನ್ನೆಯ ವರ್ಷ ಇಲ್ಲವೇ ಇಲ್ಲ. ಕ್ರಿ.ಪೂ. 1 ಮುಗಿದ ಮರುದಿನವೇ ಕ್ರಿ.ಶ. 1. ಹಾಗಾಗಿ ಈ ಗೆರೆ ದಾಟಿ ಎಣಿಸುವಾಗಲೆಲ್ಲ ಒಂದು ಕಳೆಯಬೇಕು. ಆಗ 76 ಆಯಿತು. ಅಗಸ್ಟಸ್ ಹುಟ್ಟಿದ್ದು ಸೆಪ್ಟೆಂಬರ್ 23, ಸತ್ತದ್ದು ಆಗಸ್ಟ್ 19. ಹುಟ್ಟುಹಬ್ಬಕ್ಕೆ ಇನ್ನೂ 35 ದಿನ ಬಾಕಿ ಇತ್ತು. ಅದಕ್ಕೇ 75.

ಈಗ ಎರಡು ಕಾಲಂ ಇಟ್ಟುಕೊಂಡಿದ್ದೇನೆ. ಒಂದು ಗೋಡೆಗೆ: "ಕ್ರಿ.ಪೂ. 63". ಇನ್ನೊಂದು ನನ್ನ ಲೆಕ್ಕಕ್ಕೆ: ಒಂದು ಕಳೆದು ಮೈನಸ್ ಹಾಕಿದ್ದು, -62. ಕ್ರಿ.ಪೂ. 1 ಇಲ್ಲಿ ಸೊನ್ನೆಯಾಗುತ್ತದೆ. ಖಗೋಳಶಾಸ್ತ್ರದವರು ಎಣಿಸುವುದೂ ಹೀಗೇ.

ರೋಮನ್ನರಿಗೆ ಇದ್ಯಾವುದೂ ಗೊತ್ತಿರಲಿಲ್ಲ ಬಿಡಿ. ಅವರಿಗೆ ಆ ವರ್ಷದ ಇಬ್ಬರು ಕಾನ್ಸಲ್‌ಗಳ, ಅಂದರೆ ಆ ವರ್ಷಕ್ಕೆ ಆರಿಸಿದ ಮುಖ್ಯ ಅಧಿಕಾರಿಗಳ, ಹೆಸರೇ ಇಸವಿ. ಊರು ಹುಟ್ಟಿದಾಗಿನಿಂದ ಎಣಿಸುವ 'ಅಬ್ ಉರ್ಬೆ ಕಾಂಡಿಟಾ' ಲೆಕ್ಕವೂ ಒಂದಿದೆ. ಅದನ್ನು 754ರಿಂದ ಕಳೆದರೆ ಕ್ರಿ.ಪೂ. ಸಿಗುತ್ತದೆ, 753ಕ್ಕಿಂತ ಜಾಸ್ತಿ ಇದ್ದರೆ ಅದರಿಂದ 753 ಕಳೆದರೆ ಕ್ರಿ.ಶ. ನನ್ನ ಕಾಲಂ ಸರಿ ಇದೆಯಾ ಅಂತ ನೋಡಲು ಒಂದು ಸಾಲು ಸಾಕಾಯಿತು. ಚಕ್ರವರ್ತಿ ಫಿಲಿಪ್ ರೋಮ್‌ನ ಸಾವಿರ ವರ್ಷದ ಹಬ್ಬ ಮಾಡಿದ್ದು ಕ್ರಿ.ಶ. 248ರಲ್ಲಿ. ಊರು ಕಟ್ಟಿದ ಕ್ರಿ.ಪೂ. 753 ನನ್ನ ಕಾಲಂನಲ್ಲಿ -752. 248ಕ್ಕೆ 752 ಕೂಡಿಸಿದರೆ ಸರಿಯಾಗಿ ಸಾವಿರ!

ಕೊನೆಗೆ ಸಿಕ್ಕಿಹಾಕಿಕೊಂಡದ್ದು ನಮ್ಮೂರ ಕಡೆಯ ಒಂದು ಚೀಟಿಯಲ್ಲಿ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮ್‌ನ ಚಕ್ರವರ್ತಿ ಟಿಬೇರಿಯಸ್‌ನ ಬೆಳ್ಳಿ ನಾಣ್ಯ ಸಿಕ್ಕಿದೆ. ಅವನು ಆಳಿದ್ದು ಕ್ರಿ.ಶ. 14ರಿಂದ 37. ನಾಣ್ಯ ಅಚ್ಚಾದದ್ದು ಆಗ ಸರಿ, ಚಂದ್ರವಳ್ಳಿಗೆ ಬಂದದ್ದು? ಮಗಳು ಅದನ್ನು 37ರ ಬಲಕ್ಕೆ, ಅರ್ಧ ಮಾತ್ರ ಗೋಂದು ಹಚ್ಚಿ ಅಂಟಿಸಿದ್ದಾಳೆ. ಫ್ಯಾನ್ ಹಾಕಿದಾಗಲೆಲ್ಲ ಪಟಪಟ ಅನ್ನುತ್ತದೆ.